ಮುಟ್ಟು ನಿಲ್ಲುವ ಹೊತ್ತಿನ ತೊಂದರೆಗೆ ನಮ್ಮ ಬೀದಿಯ ಡಾಕ್ಟರು ಸಾಲದೇ?

ಪ್ರಶ್ನೆ: ನನಗೆ 48 ವರ್ಷ, ಗಾರ್ಮೆಂಟ್ಸ್‌ನಲ್ಲಿ ಕೆಲಸ. ಒಂದು ವರ್ಷದಿಂದ ಮುಟ್ಟು ಏರುಪೇರು. ರಾತ್ರಿ ಎದ್ದು ನೈಟಿ ಬದಲಿಸುವಷ್ಟು ಬೆವರು, ನಿದ್ದೆಯಿಲ್ಲ, ಎದೆ ಡವಡವ. ನಮ್ಮ ಬೀದಿಯ ಡಾಕ್ಟರು ಇಸಿಜಿ ಮಾಡಿಸಿ, ‘ವಯಸ್ಸಿಗೆ ಸಹಜ, ಸಹಿಸಿಕೊಳ್ಳಮ್ಮ’ ಎಂದು ವಿಟಮಿನ್ ಮಾತ್ರೆ ಬರೆದುಕೊಟ್ಟರು. ತಜ್ಞರನ್ನು ಕಾಣಬೇಕೆಂದರೆ ಊರಿನ ಇನ್ನೊಂದು ತುದಿ, ಒಂದು ದಿನದ ಸಂಬಳವೂ ಹೋಯಿತು. ಹತ್ತಿರದಲ್ಲೇ ಚಿಕಿತ್ಸೆ ಸಿಗುವುದಿಲ್ಲವೇ?
— ಓದುಗರು, ನಾಗರಬಾವಿ

ಉತ್ತರ: ಸಿಗಬೇಕು. ಸಹಜ ಎನ್ನುವುದೇನೋ ನಿಜ, ಆದರೆ ಸಹಿಸಿಕೊಂಡೇ ಇರಬೇಕೆಂದಿಲ್ಲ. ಭಾರತದ ಹೆಂಗಸರಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46–47ರ ವಯಸ್ಸಿಗೆ. ಅಷ್ಟೂ ಜನ ದೊಡ್ಡಾಸ್ಪತ್ರೆಯ ತಜ್ಞರ ಬಾಗಿಲಲ್ಲಿ ಕಾಯುವುದು ಆಗದ ಮಾತು. ನೀವು ಬರೆದಿರುವ ತೊಂದರೆಗಳಲ್ಲಿ ಹೆಚ್ಚಿನವನ್ನು ಕುಟುಂಬ ವೈದ್ಯರೇ ನೋಡಿಕೊಳ್ಳಬಹುದು.

45 ದಾಟಿದವರಲ್ಲಿ ಮುಟ್ಟಿನ ಏರುಪೇರಿನ ಜೊತೆಗೆ ಹೀಗೆ ಬಿಸಿ ಹತ್ತಿ ಬೆವರುತ್ತಿದ್ದರೆ, ಋತುಬಂಧ ಹತ್ತಿರವಾಗಿದೆ ಎಂದು ತಿಳಿಯಲು ಹಾರ್ಮೋನ್ ಪರೀಕ್ಷೆಗೆ ದುಡ್ಡು ಸುರಿಯಬೇಕಿಲ್ಲ. ಆ ಪರೀಕ್ಷೆಯಲ್ಲಿ ನೋಡುವ ಎಫ್‌ಎಸ್‌ಎಚ್ (ಅಂಡಾಶಯಕ್ಕೆ ಕೆಲಸ ಮಾಡೆಂದು ಮೆದುಳಿನ ಬುಡದ ಗ್ರಂಥಿ ಕಳಿಸುವ ಹಾರ್ಮೋನ್) ಮಟ್ಟ ಈ ವಯಸ್ಸಿನಲ್ಲಿ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಬೇಕಾದದ್ದು ಥೈರಾಯ್ಡ್, ಹಿಮೋಗ್ಲೋಬಿನ್, ಬಿಪಿ, ಶುಗರ್. ಥೈರಾಯ್ಡ್ ಹೆಚ್ಚಾದರೂ ಇದೇ ರೀತಿ ಬೆವರು, ಎದೆಬಡಿತ ಬರುತ್ತದೆ. ಇವೆಲ್ಲ ನಿಮ್ಮ ಬಡಾವಣೆಯಲ್ಲೇ ಆಗುವ ಪರೀಕ್ಷೆಗಳು.

ಸಂಜೆ ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದವರು ಸಾಲಾಗಿ ಕೂತಿರುತ್ತಾರೆ. ಕಾಂಪೌಂಡರ್ ಪಕ್ಕದಲ್ಲೇ ಓಡಾಡುತ್ತಿರುತ್ತಾರೆ. ಅಂಥಲ್ಲಿ ನಮ್ಮ ಹೆಂಗಸರು ‘ಸುಸ್ತು ಡಾಕ್ಟ್ರೇ’ ಎಂದಷ್ಟೇ ಹೇಳಿ ಎದ್ದುಬಿಡುತ್ತಾರೆ, ಸುಸ್ತಿಗೆ ಔಷಧಿ ಸಿಗುತ್ತದೆ. ಯೋನಿಯ ಒಣಗುವಿಕೆ, ಕೂಡುವಾಗ ನೋವು, ಮತ್ತೆ ಮತ್ತೆ ಉರಿಮೂತ್ರ ಬಾಯಿಗೇ ಬರುವುದಿಲ್ಲ. ಇವಕ್ಕೆ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಚೆನ್ನಾಗಿ ಕೆಲಸ ಮಾಡುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಮುಟ್ಟಾದ ದಿನ, ಬೆವರಿದ ರಾತ್ರಿಗಳಿಗೆ ಗುರುತು ಹಾಕಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋಗಿ. ಹೇಳಲು ಸಂಕೋಚವಾದದ್ದನ್ನು ಚೀಟಿಯಲ್ಲಿ ಬರೆದು ಕೊಡಿ. ಐದು ನಿಮಿಷದಲ್ಲಿ ವೈದ್ಯರಿಗೆ ಪೂರ್ತಿ ಚಿತ್ರ ಸಿಗುತ್ತದೆ.

ಇನ್ನು ಹಾರ್ಮೋನ್ ಚಿಕಿತ್ಸೆ, ಅಂದರೆ ಮೈಯಲ್ಲಿ ಕಡಿಮೆಯಾಗುವ ಈಸ್ಟ್ರೋಜನ್ ಹಾರ್ಮೋನನ್ನು ಮಾತ್ರೆಯಾಗಿಯೋ ಜೆಲ್ ಆಗಿಯೋ ಕೊಡುವುದು. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಸ್ತನ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ ಎಂದ ಮೇಲೆ ಬಹಳಷ್ಟು ವೈದ್ಯರು ಇದನ್ನು ಬರೆಯುವುದನ್ನೇ ನಿಲ್ಲಿಸಿದರು. ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಅರುವತ್ತರ ಒಳಗೆ, ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡಿದರೆ ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಲಾಭವೇ ಹೆಚ್ಚು ಎಂಬುದು ಈಗಿನ ತಿಳಿವಳಿಕೆ. ಆ ಹಳೆಯ ಹೆದರಿಕೆ ಮಾತ್ರ ಕ್ಲಿನಿಕ್ಕುಗಳಿಂದ ಇನ್ನೂ ಹೋಗಿಲ್ಲ, ಅದರ ಫಲವನ್ನು ನಿಮ್ಮಂಥವರು ಉಣ್ಣುತ್ತಿದ್ದೀರಿ. ನನಗೆ ತುಂಬ ಬೇಸರ ತರುವ ಸಂಗತಿ ಇದು. ಚರ್ಮಕ್ಕೆ ಹಚ್ಚುವ ಜೆಲ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಗರ್ಭಕೋಶ ಇರುವವರು ಜೊತೆಗೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ತೆಗೆದುಕೊಳ್ಳಲೇಬೇಕು. ಹಾರ್ಮೋನ್ ಬೇಡವೆನ್ನುವವರಿಗೆ ಬೇರೆ ಮಾತ್ರೆಗಳೂ ಇವೆ.

ತಜ್ಞರ ಹತ್ತಿರ ಹೋಗಲೇಬೇಕಾದವರೂ ಇದ್ದಾರೆ: 40ರೊಳಗೆ ಮುಟ್ಟು ನಿಂತವರು, ಸ್ತನ ಕ್ಯಾನ್ಸರ್ ಆಗಿದ್ದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಲಿವರ್ ಕಾಯಿಲೆಯವರು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಡ ಮಾಡಬೇಡಿ.

ನಿಮ್ಮ ವೈದ್ಯರಿಗೆ ಔಷಧಿ ಶುರು ಮಾಡಲು ಹಿಂಜರಿಕೆಯಿದ್ದರೆ, ತಾವೇ ಒಬ್ಬ ಸ್ತ್ರೀರೋಗ ತಜ್ಞರಿಗೆ ಫೋನ್ ಮಾಡಿ ಸಲಹೆ ಪಡೆಯುವಂತೆ ಕೇಳಿಕೊಳ್ಳಿ. ಹಾಗೆ ಕೇಳುವುದು ಅವರಿಗೆ ಅವಮಾನವಲ್ಲ. ಕೇಂದ್ರ ಸರ್ಕಾರದ ಉಚಿತ ಇ-ಸಂಜೀವಿನಿಯಲ್ಲಿ ಸರ್ಕಾರಿ ಆರೋಗ್ಯ ಕೇಂದ್ರದ ವೈದ್ಯರು ದೂರದ ತಜ್ಞರ ಜೊತೆ ವೀಡಿಯೋದಲ್ಲಿ ಮಾತಾಡುವ ವ್ಯವಸ್ಥೆಯಿದೆ. ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಅದೂ ಆಗದಿದ್ದರೆ ಕೆ.ಆರ್. ಮಾರುಕಟ್ಟೆ ಹತ್ತಿರದ ವಾಣಿ ವಿಲಾಸ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಿ, ಚಿಕಿತ್ಸೆಯ ವಿವರವನ್ನು ನಿಮ್ಮ ವೈದ್ಯರ ಹೆಸರಿಗೆ ಬರೆಸಿಕೊಂಡು ಬನ್ನಿ. ಶುರು ಮಾಡಿ ಮೂರು ತಿಂಗಳಿಗೆ ಒಂದು ಸಲ, ಆಮೇಲೆ ವರ್ಷಕ್ಕೊಮ್ಮೆ ಬಿಪಿ ನೋಡಿ ಔಷಧಿ ಮುಂದುವರಿಸುವುದನ್ನು ಅವರೇ ಮಾಡಬಹುದು. ಅದಕ್ಕಾಗಿ ನೀವು ರಜೆ ಹಾಕಬೇಕಾಗಿಲ್ಲ.