ಕೀರ್ತನೆ ಓದಿದರೂ ಪ್ರಾರ್ಥನೆ ಅನ್ನಿಸದಿದ್ದರೆ

ಪ್ರಶ್ನೆ: ದಿನಕ್ಕೆ ಐದರಂತೆ ತಿಂಗಳಲ್ಲಿ ಬೈಬಲಿನ 150 ಕೀರ್ತನೆಗಳನ್ನೂ ಓದಿ ಮುಗಿಸುತ್ತೇನೆ. ಆದರೂ ಪ್ರಾರ್ಥಿಸಿದಂತೆ ಅನ್ನಿಸುವುದಿಲ್ಲ. ಏನು ಮಾಡಲಿ?

ಉತ್ತರ: ಐದು ಬಿಡಿ, ಒಂದೇ ಸಾಕು. 13ನೆಯ ಕೀರ್ತನೆಯಿಂದ ಶುರು ಮಾಡಿ, ಆರೇ ವಚನ. ಗಟ್ಟಿಯಾಗಿ ಓದಿ, ವಚನದ ನಡುವೆ ಒಂದು ಉಸಿರಿನಷ್ಟು ನಿಲ್ಲಿ. ಒಂದು ಸಾಲಿನ ಭಾವವನ್ನೇ ಮುಂದಿನ ಸಾಲು ಬೇರೆ ಮಾತಿನಲ್ಲಿ ಹೇಳುವುದು ಕೀರ್ತನೆಗಳ ಮೂಲ ಭಾಷೆಯಾದ ಹೀಬ್ರೂವಿನ ಕಾವ್ಯದ ರೀತಿ; ಅವಸರದಲ್ಲಿ ಅದು ಕಿವಿಗೇ ಬೀಳುವುದಿಲ್ಲ. ಮೊದಲೆರಡು ವಚನಗಳಲ್ಲಿ ‘ಎಲ್ಲಿಯವರೆಗೆ?’ ಎಂಬ ಅಳಲು ನಾಲ್ಕು ಸಲ ಬರುತ್ತದೆ. ಪ್ರತಿ ಸಲವೂ ನಿಂತು ನಿಮ್ಮ ನೋವನ್ನು ಹೆಸರಿಟ್ಟು ಹೇಳಿ. ಹೆಚ್ಚಿನವರು ಎಡವುವುದು ಇಲ್ಲೇ: ದೇವರಿಗೆ ದೂರು ಹೇಳುವುದು ಅವಿಶ್ವಾಸವೆಂದು ಹೆದರಿ ಕೊನೆಯ ಸ್ತುತಿಗೆ ಹಾರುತ್ತಾರೆ. ದಯವಿಟ್ಟು ಹಾರಬೇಡಿ. 3–4ರಲ್ಲಿ ಬೇಡಿಕೆ, 5–6ರಲ್ಲಿ ಭರವಸೆ. ಆ ಭರವಸೆ ಇನ್ನೂ ಬಾಯಿಗೆ ಬರದಿದ್ದರೆ 88ನೆಯದನ್ನು ತೆಗೆಯಿರಿ. ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ.