ಹೆರಿಗೆ ಕೋಣೆಯಲ್ಲಿ ಅಮ್ಮ ಜೊತೆಗಿರಬಹುದಾ?

ಆಲೂರಿನಿಂದ ಹಾಸನದ ಸರ್ಕಾರಿ ಆಸ್ಪತ್ರೆಗೆ ಚೊಚ್ಚಲ ಹೆರಿಗೆಗೆ ಹೋಗ್ತಿದ್ದೀನಿ, ಅಮ್ಮನನ್ನು ಒಳಗೆ ಬಿಡ್ತಾರಾ, ಬೈದರೆ ಏನು ಮಾಡಲಿ ಅಂತ ಕೇಳಿದ್ದೀರಿ.

ಬಿಡಬೇಕು. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸೋಕೆ ಕೇಂದ್ರ ಸರ್ಕಾರ ತಂದ 2017ರ 'ಲಕ್ಷ್ಯ' ಕಾರ್ಯಕ್ರಮದಲ್ಲೇ ಹೆರಿಗೆಗೆ ಜೊತೆಗಾತಿ ಇರಬೇಕು ಅಂತಿದೆ. ತಾನೂ ಹೆತ್ತವಳಾದರೆ ಒಳ್ಳೆಯದು. ಸೋಂಕು ಇರಬಾರದು, ಒಗೆದ ಬಟ್ಟೆ ಉಟ್ಟಿರಬೇಕು, ಪಕ್ಕದ ಮಂಚದವರ ವಿಷಯಕ್ಕೆ ಹೋಗಬಾರದು. ಆದರೆ ನಿಯಮ ಇದೆ ಅಂದ ಮಾತ್ರಕ್ಕೆ ಆ ರಾತ್ರಿ ಡ್ಯೂಟಿಯಲ್ಲಿರುವವರು ಒಪ್ಪಿಯೇ ಒಪ್ತಾರೆ ಅಂತಲ್ಲ. ಅದಕ್ಕೇ ತಾಯಿ ಕಾರ್ಡ್ ಹಿಡಿದು ಮುಂದಿನ ತಪಾಸಣೆಗೆ ಹೋಗುವಾಗ ಅಮ್ಮನನ್ನೂ ಕರೆದೊಯ್ದು, ನರ್ಸ್ ಹತ್ತಿರ ಈಗಲೇ ಮಾತಾಡಿಟ್ಟುಕೊಳ್ಳಿ. ಆಶಾ ಕಾರ್ಯಕರ್ತೆಗೂ ಹೇಳಿಡಿ.

ನೋವು ಬಂದಾಗ ಮಲಗಿಯೇ ಇರಬೇಕಿಲ್ಲ. ತೊಡಕಿಲ್ಲದ ಹೆರಿಗೆಯಲ್ಲಿ ಓಡಾಡಬಹುದು, ನೀರು ಕುಡಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸೂ ಅದೇ. ಪರೀಕ್ಷೆಗೆ ಮುಂಚೆ ಯಾಕೆ ಅಂತ ನಿಮಗೆ ಹೇಳಬೇಕು, ಪರದೆ ಎಳೆಯಬೇಕು. ನನ್ನ ಮೊದಲ ಹೆರಿಗೆಯಲ್ಲಿ ಯಾರೂ ಏನೂ ಹೇಳಲಿಲ್ಲ, ನೋವಿಗಿಂತ ಅದೇ ಹೆಚ್ಚು ಕಾಡಿತು. ಎರಡನೆಯದರಲ್ಲಿ ನರ್ಸ್ ಒಬ್ಬರು ಹೆಸರು ಹಿಡಿದು ಮಾತಾಡಿಸ್ತಾ ಇದ್ದರು, ಧೈರ್ಯ ತಾನಾಗೇ ಬಂತು.

ಬೈಯೋದು, ಹೊಡೆಯೋದು ತಪ್ಪೇ, ನೀವು ಸಹಿಸಬೇಕಿಲ್ಲ. ಆ ಹೊತ್ತಲ್ಲಿ ವಾದ ಮಾಡೋಕೆ ನಿಮಗಾಗಲ್ಲ, ಅಮ್ಮ ಮಾತಾಡಲಿ; ಆಮೇಲೆ ವೈದ್ಯಾಧಿಕಾರಿಗೆ ಬರೆದುಕೊಡಿ. ಮಗು ಹುಟ್ಟಿದ ಖುಷಿಗೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಅಲ್ಲಿ ಸಿಸೇರಿಯನ್ ಕೂಡ ಉಚಿತ.