ಮೊಳೆ ಚುಚ್ಚಿದ ಗಾಯಕ್ಕೆ ಒಂದೇ ಟಿ.ಟಿ. ಸಾಕೇ?

ಪ್ರಶ್ನೆ: ತಂದೆಗೆ 58 ವರ್ಷ. ನಿನ್ನೆ ಗೊಬ್ಬರ ಕೆದಕುವಾಗ ಅಂಗಾಲಿಗೆ ತುಕ್ಕು ಮೊಳೆ ಆಳವಾಗಿ ನಾಟಿತು. ಧನುರ್ವಾಯು ಲಸಿಕೆಯನ್ನು ಅವರು ಎಂದೂ ಹಾಕಿಸಿಕೊಂಡಿಲ್ಲ. ಈಗ ಒಂದು ಟಿ.ಟಿ. ಚುಚ್ಚಿಸಿದರೆ ಸಾಕೇ?

ಉತ್ತರ: ಸಾಲದು. ಮೊದಲ ಲಸಿಕೆಯಿಂದ ಈ ಗಾಯಕ್ಕೆ ರಕ್ಷಣೆ ಸಿಗುವುದಿಲ್ಲ. ರೋಗ ತಡೆಯುವ ಪ್ರತಿಕಾಯಗಳು ದೇಹದಲ್ಲಿ ತಯಾರಾಗಲು ವಾರಗಳೇ ಬೇಕು. ಆದ್ದರಿಂದ ಇಂದೇ ಲಸಿಕೆಯ ಜೊತೆಗೆ 250 ಯೂನಿಟ್ ಟೆಟನಸ್ ಇಮ್ಯುನೊಗ್ಲೋಬುಲಿನ್ (ಧನುರ್ವಾಯು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಅನ್ನೂ ಕೊಡಿಸಬೇಕು. ಎರಡಕ್ಕೂ ಸಿರಿಂಜ್ ಬೇರೆ, ಚುಚ್ಚುವ ಜಾಗವೂ ಬೇರೆ. ಲಸಿಕೆಯ ಎರಡನೇ ಡೋಸ್ 4 ವಾರಕ್ಕೆ, ಮೂರನೆಯದು ಅದಾದ 6ರಿಂದ 12 ತಿಂಗಳ ನಂತರ. ಗಾಯ ಮಾಯಿತೆಂದು ಬಹಳ ಮಂದಿ ಇವೆರಡನ್ನೂ ಮರೆತುಬಿಡುತ್ತಾರೆ.

ತುಕ್ಕನ್ನು ಸುಮ್ಮನೆ ದೂರುತ್ತೇವೆ. ಅಪಾಯವಿರುವುದು ಮಣ್ಣು, ಸಗಣಿಯಲ್ಲಿರುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿಂದ. ಆಮ್ಲಜನಕ ತಲುಪದ ಕಿರಿದಾದ, ಆಳದ ಗಾಯದಲ್ಲಿ ಅವು ಮೊಳೆತು ನರಗಳಿಗೆ ವಿಷ ಬಿಡುತ್ತವೆ. ಮೇಲೆ ಸಣ್ಣ ತೂತು ಮಾತ್ರ ಕಾಣುವುದರಿಂದ ಮೋಸಹೋಗಬೇಡಿ. ವೈದ್ಯರು ಒಳಗಿನ ಕೊಳೆ, ಸತ್ತ ಅಂಗಾಂಶ ತೆಗೆದು ತೊಳೆಯಲಿ. ಮುಲಾಮು ಮೆತ್ತಿ ಮುಚ್ಚಬೇಡಿ.

ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಮೊದಲ ಸೂಚನೆ ಹೆಚ್ಚಾಗಿ ದವಡೆಯಲ್ಲಿ: ತುತ್ತು ಇಡಲು ಬಾಯಿ ತೆರೆಯದು, ಕುತ್ತಿಗೆ ಬಿಗಿಯುತ್ತದೆ, ನುಂಗಲಾಗದು. ಆಗ ತೀವ್ರ ನಿಗಾ ಘಟಕ (ಐಸಿಯು) ಇರುವ ಆಸ್ಪತ್ರೆಗೇ ಒಯ್ಯಿರಿ. ಸೆಳೆತ ಉಸಿರಾಟದ ಸ್ನಾಯುಗಳನ್ನು ಹಿಡಿದರೆ ವೆಂಟಿಲೇಟರ್ ಬೇಕಾಗುತ್ತದೆ.